ಕೈಗೆ ಬಂದ ಮಗ

ಮಂಡ್ಯ ಸೀಮೆಯಲ್ಲಿ ಗಂಡುಮಗ ದುಡಿಯುವ ವಯಸ್ಸಿಗೆ ಬಂದನೆಂದರೆ "ಮಗ ಕೈಗೆ ಬಂದ" ಎನ್ನುವುದು ವಾಡಿಕೆ. ಹೆತ್ತವರ ಭಾರವನ್ನು ಹಂಚಿಕೊಳ್ಳಬಲ್ಲವನಾದ ಎಂಬುದು ಅದರ ಇಂಗಿತ. ಇದೇ ಕೈ ಎಂಬ ಪದಕ್ಕೆ 'ಕೊಡು' ಎಂಬ ಕ್ರಿಯಾಪದ ಸೇರಿದರೆ ಎರಡು ಅರ್ಥ ಹುಟ್ಟುತ್ತದೆ. ಬಿದ್ದವನನ್ನು ಎಬ್ಬಿಸಲು ಕೈ ಕೊಡಬಹುದು. ನಂಬಿದವನನ್ನು ನಡುನೀರಿನಲ್ಲಿ ಬಿಟ್ಟೂ ಕೈ ಕೊಡಬಹುದು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನಾನು ನುಡಿಗಟ್ಟುಗಳ ವಿಷಯ ಬಂದಾಗಲೆಲ್ಲ ಈ ಉದಾಹರಣೆಯನ್ನೇ ಕೊಡುತ್ತಿದ್ದೆ. ಅದರ ಹಿಂದೆ ನಮ್ಮ ಮನೆಯ ಕಥೆಯೊಂದಿದೆ ಎಂಬುದನ್ನು ಮಾತ್ರ ತರಗತಿಯಲ್ಲಿ ಹೇಳಿದವನಲ್ಲ. ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಇಗೋ, ಆ ಉದಾಹರಣೆಯ ಮೂಲ ಇಲ್ಲಿದೆ.

ನಮ್ಮ ಊರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬರುವ ಮೊದಲು ಅಲ್ಲಿ ರಾಗಿ, ಹುರುಳಿಗಳದೇ ಬೇಸಾಯ. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಗಿ, ನಾಲೆಯ ನೀರೂ ಹೊಲಗಳನ್ನು ಮುಟ್ಟಿ, ಒಂದು ತಲೆಮಾರಿನೊಳಗೆ ಇಡೀ ಸೀಮೆ ಕಬ್ಬಿನ ಸೀಮೆಯಾಯಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗ ನಮ್ಮ ತಂದೆಯವರಿಗೆ ಒಂಬತ್ತು ವರ್ಷ. ಕಾರ್ಖಾನೆಗೆ ಹೋಗುವ ಕಬ್ಬು ಹೋಗಿ, ಉಳಿದುದನ್ನು ಆಲೆಮನೆಯಲ್ಲಿ ಅರೆಸಿ ಬೆಲ್ಲ ಮಾಡುವುದು ಆಗಿನ ಪದ್ಧತಿ. ನಮ್ಮ ತಂದೆ ಸುತ್ತಲಿನ ನಾಲ್ಕೈದು ಊರುಗಳಿಗೆ ಪಾಕ ನೋಡುವವರೆಂದು ಹೆಸರಾಗಿದ್ದರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲವಾಗುತ್ತದೆ ಎಂಬುದನ್ನು ಹೇಳುವ ಉಪಕರಣ ನಮ್ಮೂರಿನ ಆಲೆಮನೆಯಲ್ಲಿ ಇರಲಿಲ್ಲ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡಬೇಕು. ಒಂದಿಷ್ಟು ಮೊದಲು ಇಳಿಸಿದರೆ ಅಚ್ಚಿನಲ್ಲಿ ಬೆಲ್ಲ ಗಟ್ಟಿಯಾಗುವುದಿಲ್ಲ; ಒಂದಿಷ್ಟು ತಡವಾದರೆ ಸೀದು ಕಪ್ಪಾಗುತ್ತದೆ. ಆ ನಡುವಿನ ಗಳಿಗೆ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಇತ್ತು.

(ಇಲ್ಲಿ ಒಂದು ಮಾತು. ಮನೆಯಲ್ಲಿ ನಾನು ಅಪ್ಪನನ್ನು ಏಕವಚನದಲ್ಲಿಯೇ ಮಾತನಾಡಿಸುತ್ತಿದ್ದೆ. ನಮ್ಮ ಕಡೆ ಅದು ಅಗೌರವವಲ್ಲ. ಬರೆಯಲು ಕುಳಿತರೆ ಮಾತ್ರ ಬಹುವಚನ ತಾನಾಗಿ ಬರುತ್ತದೆ, ಮೇಷ್ಟರಾದುದರ ಫಲ.)

೧೯೭೪ರ ಸಂಕ್ರಾಂತಿ ಕಳೆದ ವಾರ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ರಾತ್ರಿಯ ಆಲೆ ನಡೆದಿತ್ತು. ಗಾಣಕ್ಕೆ ಎತ್ತುಗಳ ಬದಲು ಡೀಸೆಲ್ ಎಂಜಿನ್ ಬಂದು ಎರಡು ವರ್ಷವಾಗಿತ್ತು. ಕಬ್ಬು ಕೊಡುತ್ತಿದ್ದ ಆಳು ಊಟಕ್ಕೆ ಎದ್ದು ಹೋದ. ಅಪ್ಪ ಅವನ ಜಾಗದಲ್ಲಿ ಕುಳಿತರು. ಎತ್ತಿನ ಗಾಣವಾಗಿದ್ದರೆ ಕೂಗಿದ ಕೂಡಲೇ ಎತ್ತು ನಿಲ್ಲುತ್ತಿತ್ತು. ಎಂಜಿನ್ ನಿಲ್ಲಿಸುವಷ್ಟರಲ್ಲಿ ಬಲಗೈ ಮಣಿಕಟ್ಟಿನವರೆಗೆ ಒಳಗೆ ಹೋಗಿತ್ತು. ಗಾಡಿಯಲ್ಲಿ ಮದ್ದೂರಿಗೆ, ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ ಕೈ ತೆಗೆದರು. ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ರೈತರು ಕೈಕಾಲು ಕಳೆದುಕೊಳ್ಳುವುದು ಹೆಚ್ಚಿದ ಮೇಲೆ ನಮ್ಮ ದೇಶದಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂದದ್ದು ೧೯೮೩ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ ನಮ್ಮ ಮನೆಯ ಲೆಕ್ಕ ಮುಗಿದಿತ್ತು.

ನಾನು ಕೈಗೆ ಬಂದದ್ದು ಹೀಗೆ, ಅಕ್ಷರಶಃ. ಎತ್ತಿನ ಕೊರಳಿನ ಹಗ್ಗದ ಗಂಟು, ಪಂಚೆಯ ಅಂಚಿನ ಗಂಟು, ಚೀಲದ ಬಾಯಿಯ ಗಂಟು, ಎರಡು ಕೈ ಬೇಡುವ ಕೆಲಸವೆಲ್ಲ ನನ್ನದು. ಅಪ್ಪ ಎದುರಿಗೆ ನಿಂತು ಹೇಳುವರು, ನಾನು ಮಾಡುವೆ. ನನ್ನ ಬುದ್ಧಿವಂತಿಕೆಯನ್ನು ಅದರಲ್ಲಿ ಸೇರಿಸಿದರೆ ಅವರಿಗೆ ಆಗದು. "ನಿನ್ನ ತಲೆ ನಿನ್ ತಾವೇ ಇರ್ಲಿ, ಕೈ ಮಾತ್ರ ಕೊಡು" ಎನ್ನುತ್ತಿದ್ದರು. ಇದನ್ನು ಆಗ ಬೈಗುಳವೆಂದುಕೊಳ್ಳುತ್ತಿದ್ದೆ. ಊನವಾದವರಿಗೆ ನೆರವಾಗುವ ಬಗೆಯನ್ನು ಕುರಿತು ಇದಕ್ಕಿಂತ ಸ್ಪಷ್ಟವಾದ ಸೂಚನೆಯನ್ನು ಬಿ.ಎಡ್. ತರಗತಿಯಲ್ಲಿಯೂ ನನಗೆ ಯಾರೂ ಕೊಡಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ನನ್ನ ಕೈಯನ್ನು ಕೇಳಲಿಲ್ಲ. ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದ್ದರು, ರುಜು ಹಾಕಬಲ್ಲವರಾಗಿದ್ದರು. ಹೆಬ್ಬೆಟ್ಟು ಎಂಬುದು ನಮ್ಮ ಕಡೆ ಬೆರಳಿನ ಹೆಸರಷ್ಟೇ ಅಲ್ಲ, ಬೈಗುಳ ಕೂಡ. ಗಾಯ ಮಾಗಿದ ಮೇಲೆ ತಂಗಿಯ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಮೊಂಡುಗೈಯಿಂದ ಒತ್ತಿ ಹಿಡಿದು, ಎಡಗೈಯಲ್ಲಿ ತಮ್ಮ ಹೆಸರನ್ನು ತಿದ್ದಲು ಆರಂಭಿಸಿದರು. ನಾಲ್ಕು ತಿಂಗಳು ಹಿಡಿಯಿತು. ಅಕ್ಷರಗಳು ಗಾಳಿಗೆ ಬಾಗಿದ ಕಬ್ಬಿನಂತೆ ಎಡಕ್ಕೆ ವಾಲುತ್ತಿದ್ದವು. ಆದರೆ ಅದು ರುಜುವೇ. ಎಡಗೈಯ ಬೆರಳುಗಳೂ ಕಾಲಕ್ರಮದಲ್ಲಿ ಪಾಕವನ್ನು ಕಲಿತವು. ಮೂರನೆಯ ವರ್ಷಕ್ಕೆ ಜನ ಮತ್ತೆ ಅವರನ್ನು ಹುಡುಕಿಕೊಂಡು ಬಂದರು.

ನಾನು ಮಂಡ್ಯದಲ್ಲಿ ಬಿ.ಎ., ಮೈಸೂರಿನಲ್ಲಿ ಬಿ.ಎಡ್. ಮುಗಿಸಿ ೧೯೮೪ರಲ್ಲಿ ಮಳವಳ್ಳಿ ತಾಲ್ಲೂಕಿನಲ್ಲಿ ಕೆಲಸಕ್ಕೆ ಸೇರಿದೆ. ಅಂದಿನಿಂದ ಅಪ್ಪ ನನ್ನನ್ನು ಅರ್ಧ ತಮಾಷೆಗೆ, ಅರ್ಧ ಹೆಮ್ಮೆಗೆ "ಮೇಷ್ಟ್ರೇ" ಎಂದು ಕರೆಯತೊಡಗಿದರು. ನಮ್ಮಿಬ್ಬರ ನಡುವೆ ಮಾತು ಹೆಚ್ಚಿರಲಿಲ್ಲ. ಆ ತಲೆಮಾರಿನ ಅಪ್ಪಂದಿರು ಬೆಳೆದ ಮಗನನ್ನು ಮುಟ್ಟುತ್ತಿರಲಿಲ್ಲ. ಮಗನೂ ಅಪ್ಪನನ್ನು ಮುಟ್ಟುತ್ತಿರಲಿಲ್ಲ. ಯುಗಾದಿಯಂದು ಕಾಲಿಗೆ ಬೀಳುವಾಗ ಬೆರಳ ತುದಿ ಪಾದಕ್ಕೆ ತಗುಲಿದರೆ ಅದೇ ಒಂದು ವರ್ಷದ ಸ್ಪರ್ಶ. ಅವರ ಮೊಂಡುಗೈಯನ್ನಂತೂ ನಾನು ಸರಿಯಾಗಿ ನೋಡಿದವನೇ ಅಲ್ಲ. ಹೆಗಲ ಮೇಲಿನ ಟವೆಲಿನ ಒಂದು ತುದಿ ಸದಾ ಅದನ್ನು ಮುಚ್ಚಿರುತ್ತಿತ್ತು.

೧೯೯೫ರ ಕಾಯಿದೆ ಬಂದ ಮೇಲೆ ಅಂಗವಿಕಲರ ಪ್ರಮಾಣಪತ್ರದ ಮಾತು ಹಳ್ಳಿಗಳಿಗೂ ತಲುಪಿತು. ಬಸ್ ಪಾಸಿಗೆ ಅನುಕೂಲವೆಂದು ನಾನೇ ಒತ್ತಾಯಿಸಿ ಕರೆದುಕೊಂಡು ಹೋದೆ. ವೈದ್ಯರು ಊನವನ್ನು ಶೇಕಡಾವಾರು ಬರೆಯುತ್ತಾರೆ, ಕನಿಷ್ಠ ನಲವತ್ತು ಇರಬೇಕು ಎಂದು ದಾರಿಯಲ್ಲಿ ವಿವರಿಸಿದೆ. ಅಪ್ಪ ಸ್ವಲ್ಪ ಯೋಚಿಸಿ, "ನಿಮ್ ಇಸ್ಕೂಲಲ್ಲಿ ಪಾಸಾಗಕ್ಕೆ ಎಷ್ಟು?" ಎಂದರು. ಮೂವತ್ತೈದು ಎಂದೆ. "ನೋಡು, ಕೈ ಇಲ್ದೋನು ಅನ್ನಿಸ್ಕೊಳಕ್ಕೆ ಅದ್ಕಿಂತ ಜಾಸ್ತಿ ಓದ್ಬೇಕು" ಎಂದು ನಕ್ಕರು. ಅವರು ತೇರ್ಗಡೆಯಾದರು. ಪಾಸನ್ನು ಹೆಚ್ಚಾಗಿ ಬಳಸಲಿಲ್ಲ.

ಹೆಸರುಗಳ ಬಗ್ಗೆಯೂ ಒಂದು ತಕರಾರು ಇಲ್ಲಿ ದಾಖಲಾಗಲಿ. ಕುಂಟ, ಮೊಂಡ ಎಂದು ಕರೆಯುತ್ತಿದ್ದವರು ಅಂಗವಿಕಲ ಎಂದು ಕರೆಯಲು ಕಲಿತದ್ದು ಒಳ್ಳೆಯದೇ. ಆಮೇಲೆ ಸರ್ಕಾರದ ಕಾಗದಗಳಲ್ಲಿ 'ವಿಕಲಚೇತನ' ಎಂಬ ಪದ ಬಂತು. ಇದನ್ನು ಹುಟ್ಟಿಸಿದವರು ಸಮಾಸವನ್ನು ಬಿಡಿಸಿ ನೋಡಿದ್ದರೋ ಇಲ್ಲವೋ ಕಾಣೆ. ಅಂಗ ವಿಕಲವಾಗಬಹುದು, ನಾನು ಕಂಡ ಮನುಷ್ಯನಲ್ಲಿ ಚೇತನವೆಂದೂ ವಿಕಲವಾಗಿರಲಿಲ್ಲ. ೨೦೧೬ರ ಹೊಸ ಕಾಯಿದೆ ಏಳು ಬಗೆಯ ಊನಗಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ಪದದ ವಿಷಯದಲ್ಲಿ ನನ್ನ ತಕರಾರು ಹಾಗೆಯೇ ಉಳಿದಿದೆ.

೨೦೦೯ರ ಆಗಸ್ಟ್. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಅಪ್ಪ ಊರಿನಲ್ಲಿ ಒಬ್ಬರೇ ಇರುತ್ತಿದ್ದರು, ಪಕ್ಕದ ಮನೆಯ ಚಿಕ್ಕಪ್ಪನವರ ಮಕ್ಕಳು ನೋಡಿಕೊಳ್ಳುತ್ತಿದ್ದರು. ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಮಾತು ಉಳಿದಿತ್ತು, ಬುದ್ಧಿ ಉಳಿದಿತ್ತು, ಬಲಗಾಲು ಉಳಿದಿತ್ತು. ಮೂವತ್ತೈದು ವರ್ಷ ಎರಡು ಕೈಗಳ ಕೆಲಸ ಮಾಡಿದ ಎಡಗೈ ಹಾಸಿಗೆಯ ಮೇಲೆ ಬೇರೆಯವರದೆಂಬಂತೆ ಬಿದ್ದಿತ್ತು. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ಎರಡೂ ಕೈ ಇಲ್ಲವಾದವು.

ಊರಿನಲ್ಲಿ ಪಾರಿವಾಳದ ರಕ್ತ ತಿಕ್ಕಬೇಕೆಂದವರಿದ್ದರು. ಈ ಸಲಹೆ ಇಂದಿಗೂ ನಿಂತಿಲ್ಲವಾದ್ದರಿಂದ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ: ಅದರಿಂದ ಪಾರಿವಾಳ ಸಾಯುತ್ತದೆ, ಬೇರೇನೂ ಆಗುವುದಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಇದೆ. ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು, ಏಕೆಂದರೆ ರಕ್ತಸ್ರಾವದಿಂದ ಬಂದ ಲಕ್ವಕ್ಕೆ ಅದೇ ಮದ್ದು ಅಪಾಯ. ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ನೇರವಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕು. ಅಪ್ಪನಿಗೆ ಅದು ನಿದ್ರೆಯಲ್ಲಿ ಬಡಿದಿತ್ತು. ಯಾವ ಗಂಟೆಗೆಂದು ಹೇಳುವವರಿರಲಿಲ್ಲ. ಆದುದರಿಂದ ಚುಚ್ಚುಮದ್ದಿನ ಪ್ರಶ್ನೆಯೂ ಬರಲಿಲ್ಲ.

ಮೂರು ವಾರದ ಮೇಲೆ ಮಳವಳ್ಳಿಯ ನಮ್ಮ ಮನೆಗೆ ಕರೆತಂದೆ. ಬರುವ ಮುನ್ನ ಅವರು ಎರಡು ಷರತ್ತು ಹಾಕಿದರು. ಆಲೆಯ ಕಾಲದಲ್ಲಿ ಊರಿಗೆ ಕರೆದೊಯ್ಯಬೇಕು, ಇದು ಒಂದು. ಇನ್ನೊಂದನ್ನು ಹೇಳಲು ಬಹಳ ಹೊತ್ತು ತೆಗೆದುಕೊಂಡರು. "ಆ ಹೆಣ್ಮಗಳ ಕೈಲಿ ನನ್ನ ಮೈ ತೊಳೆಸ್ಬೇಡ ಕಣಪ್ಪ" ಎಂದರು.

ನಮ್ಮ ಸಮಾಜದಲ್ಲಿ "ಮಗ ಅಪ್ಪನನ್ನು ಚೆನ್ನಾಗಿ ನೋಡಿಕೊಂಡ" ಎಂಬ ವಾಕ್ಯದ ನಿಜವಾದ ಕರ್ತೃಪದ ಬಹುಪಾಲು ಸೊಸೆಯೇ. ಹೊಗಳಿಕೆ ಮಗನ ಖಾತೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿಯೂ ಅಡುಗೆ, ಔಷಧಿಯ ಹೊತ್ತು, ಬಟ್ಟೆ, ನಾನು ಶಾಲೆಯಲ್ಲಿದ್ದಾಗಿನ ಏಳು ಗಂಟೆಗಳ ಕಾವಲು, ಇವೆಲ್ಲ ನನ್ನ ಪತ್ನಿಯವು. ಆದರೆ ಅಪ್ಪನ ಷರತ್ತಿನಿಂದಾಗಿ ಸ್ನಾನ, ಶೌಚ, ಕ್ಷೌರ, ಬಟ್ಟೆ ಬದಲಿಸುವುದು ನನ್ನ ಪಾಲಿಗೆ ಬಂದವು. ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನಾನು ನನ್ನ ಅಪ್ಪನನ್ನು ಮುಟ್ಟಿದೆ.

ಮೊದಲ ದಿನದ ಸ್ನಾನ ಇಬ್ಬರಿಗೂ ಕಷ್ಟವಾಯಿತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಟವೆಲ್ ತೆಗೆದಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನೂ ಹಂಡೆಯನ್ನೇ ನೋಡುತ್ತಾ ನೀರು ತೋಡಿದೆ. ಮೊಂಡುಗೈಗೆ ಸೋಪು ಹಚ್ಚುವಾಗ ಮಾತ್ರ ನೋಡಲೇಬೇಕಾಯಿತು. ಒರಟಾಗಿರುತ್ತದೆಂದು ಊಹಿಸಿದ್ದೆ. ಮೂವತ್ತೈದು ವರ್ಷ ಬಿಸಿಲು ಕಾಣದ ಆ ಚರ್ಮ ಎಳೆಮಗುವಿನ ಕೆನ್ನೆಯಂತಿತ್ತು. ಸುಮಾರು ಒಂದು ವಾರದ ಮೇಲೆ ಅವರೇ ಮೌನ ಮುರಿದರು. "ಎಡಗಡೆ ಬಿಸಿ ಗೊತ್ತಾಗಾಕಿಲ್ಲ, ನೋಡ್ಕೊಂಡು ಹುಯ್ಯಿ" ಎಂದರು. ಲಕ್ವದಲ್ಲಿ ಚಲನೆಯಷ್ಟೇ ಅಲ್ಲ, ಸ್ಪರ್ಶಜ್ಞಾನವೂ ಹೋಗುವುದುಂಟು, ಸುಟ್ಟರೂ ತಿಳಿಯುವುದಿಲ್ಲ. ಅಂದಿನಿಂದ ಮಕ್ಕಳಿಗೆ ಮಾಡುವಂತೆ ಮೊಣಕೈ ಅದ್ದಿ ನೀರಿನ ಹದ ನೋಡುವುದು ರೂಢಿಯಾಯಿತು.

ಊಟದ ಕಥೆಯೇ ಬೇರೆ. ನುಂಗುವ ಶಕ್ತಿ ಕುಂದಿದ್ದರಿಂದ ತೀರ ನೀರಾದ ಪದಾರ್ಥ ಉಸಿರುನಾಳಕ್ಕೆ ಇಳಿದೀತೆಂದೂ, ಕೂರಿಸಿ, ಗಲ್ಲ ಬಗ್ಗಿಸಿ, ಮೆತ್ತಗಿನದನ್ನು ಚಿಕ್ಕ ಚಿಕ್ಕ ತುತ್ತಾಗಿ ಕೊಡಬೇಕೆಂದೂ ವೈದ್ಯರು ಹೇಳಿದ್ದರು. ಮುದ್ದೆ ಬೇಡವೆಂದಿದ್ದರು. ಮಂಡ್ಯದ ಮನುಷ್ಯನಿಗೆ ಮುದ್ದೆ ಬೇಡವೆನ್ನುವುದು! ಎರಡು ತಿಂಗಳು ಸಹಿಸಿಕೊಂಡರು. ಆಮೇಲೆ ವೈದ್ಯರನ್ನೇ ಕೇಳಿ, ಮೆದುವಾಗಿ ಕಟ್ಟಿದ ಮುದ್ದೆಯನ್ನು ಉಪ್ಸಾರಿನಲ್ಲಿ ಕಿವುಚಿ ಕೊಡುವುದೆಂದು ರಾಜಿಯಾಯಿತು. ಇಲ್ಲಿಯೂ ಅವರದೇ ಮೇಲ್ವಿಚಾರಣೆ. "ಖಾರ ಒಂದೀಟು ಮುಟ್ಸು. ಅಷ್ಟಲ್ಲ. ಹೂಂ, ಈಗ." ನನ್ನ ಬೆರಳುಗಳು ಅವರ ಮಾತಿನಂತೆ ನಡೆಯುತ್ತಿದ್ದವು. ಹದಿನಾರರಲ್ಲಿ ಹಗ್ಗದ ಗಂಟಿನ ಮೇಲೆ ನಡೆದಂತೆಯೇ.

ಒಂದು ರಾತ್ರಿ ಕರೆದು, ಬಲಗೈಯ ಹೆಬ್ಬೆರಳು ಉರಿಯುತ್ತಿದೆ ಎಂದರು. ಇಲ್ಲದ ಹೆಬ್ಬೆರಳು. ಮನಸ್ಸು ಕದಡಿತೆಂದು ನಾನು ಗಾಬರಿಯಾದೆ. "ಮೂವತ್ತೈದು ವರ್ಸದಿಂದಲೂ ಅದೆ ಕಣ್ಲಾ, ಬಿಸಿ ಪಾಕ ಹಿಡ್ದಂಗೆ. ಯಾರ್ಗೆ ಹೇಳನ? ಉಚ್ಚ ಅಂತಾರೆ" ಎಂದರು. ಆಮೇಲೆ ಓದಿ ತಿಳಿದೆ. ಕತ್ತರಿಸಿದ ಅಂಗ ಇದೆಯೆಂದೇ ಮೆದುಳು ಭಾವಿಸುವುದುಂಟು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ಕಂಡ ವೈದ್ಯ ವೀರ್ ಮಿಚೆಲ್ ೧೮೭೧ರಲ್ಲಿ ಅದಕ್ಕೆ 'ಫ್ಯಾಂಟಮ್ ಲಿಂಬ್' ಎಂಬ ಹೆಸರು ಕೊಟ್ಟ. ೧೯೯೦ರ ದಶಕದಲ್ಲಿ ನಮ್ಮ ನೆರೆಯ ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಒಂದು ಕನ್ನಡಿಯಿಂದ ಈ ನೋವನ್ನು ತಗ್ಗಿಸುವ ಉಪಾಯ ಕಂಡುಹಿಡಿದರು. ಉಳಿದಿರುವ ಕೈಯ ಪ್ರತಿಬಿಂಬವನ್ನು ಹೋದ ಕೈಯ ಜಾಗದಲ್ಲಿ ಕಾಣುವಂತೆ ಮಾಡುವುದು, ಆ ಕೈಯನ್ನು ಆಡಿಸುವುದು. ಹೋದ ಕೈಯೇ ಸಡಿಲವಾದಂತೆ ಮೆದುಳಿಗೆ ಅನ್ನಿಸುತ್ತದೆ. ಓದಿದಾಗ ಬಹಳ ಸಂತೋಷವಾಯಿತು. ಅರ್ಧ ನಿಮಿಷದ ಮೇಲೆ ಹೊಳೆಯಿತು: ಅಪ್ಪನಿಗೆ ಕನ್ನಡಿಗೆ ತೋರಿಸಲು ಆಡುವ ಕೈ ಯಾವುದಿದೆ? ಪುಸ್ತಕ ಮುಚ್ಚಿಟ್ಟೆ. ಉರಿ ಬಂದಾಗ ಮೊಂಡುಗೈಯ ತುದಿಯನ್ನು ನನ್ನ ಅಂಗೈಯಲ್ಲಿ ಹಿಡಿದು ಕೂರುವುದಷ್ಟೇ ನಾವು ಕಂಡುಕೊಂಡ ಉಪಾಯ. ಕಡಿಮೆಯಾಗುತ್ತಿತ್ತೋ, ನನಗಾಗಿ ಹಾಗೆ ಹೇಳುತ್ತಿದ್ದರೋ.

ಈ ರಾತ್ರಿಗಳಲ್ಲಿ ಶ್ರವಣಕುಮಾರನ ಕಥೆ ನೆನಪಾಗುತ್ತಿತ್ತು. ತಂದೆತಾಯಿಗಳನ್ನು ಹೊತ್ತು ನಡೆದ ಮಗನೆಂದು ನಾವೆಲ್ಲ ಅದನ್ನು ಪಾಠ ಮಾಡುತ್ತೇವೆ. ವಾಲ್ಮೀಕಿ ರಾಮಾಯಣದಲ್ಲಿ ಆ ಹುಡುಗನಿಗೆ ಹೆಸರೇ ಇಲ್ಲ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಸಂಗತಿ: ಮಗ ಸತ್ತನೆಂದು ದಶರಥ ಬಂದು ಹೇಳಿದ ಮೇಲೆ, ಆ ಕುರುಡ ತಂದೆ ತಮ್ಮನ್ನು ಅಲ್ಲಿಗೆ ಕರೆದೊಯ್ಯೆಂದು ಕೇಳಿ, ಮಗನ ಶರೀರವನ್ನು ಮುಟ್ಟಿ ನೋಡುತ್ತಾನೆ.

ಆಲೆಯ ಷರತ್ತನ್ನು ಪ್ರತಿ ವರ್ಷವೂ ನಡೆಸಿದೆ. ಅದರಲ್ಲಿ ೨೦೧೧ರ ಜನವರಿಯ ಒಂದು ಸಂಜೆ ಮರೆಯುವಂಥದಲ್ಲ. ಕಾರಿನಿಂದ ಇಳಿಸಿ, ಕೊಪ್ಪರಿಗೆಯಿಂದ ಹತ್ತು ಅಡಿ ದೂರದಲ್ಲಿ ಕುರ್ಚಿಯಲ್ಲಿ ಕೂರಿಸಿದ್ದೆವು. ಒಲೆಗೆ ರಚ್ಚು ತುಂಬುತ್ತಿದ್ದರು. ಪಾಕ ನೋಡುವ ಹುಡುಗ ಕೊಪ್ಪರಿಗೆ ಇಳಿಸಲು ಹೊರಟ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದವರು "ತಡಿ" ಎಂದರು. ಗುಳ್ಳೆ ಒಡೆಯುವ ಸದ್ದು ಇನ್ನೂ ತೆಳ್ಳಗಿದೆಯಂತೆ. ಹುಡುಗ ನನ್ನ ಮುಖ ನೋಡಿದ. "ಮೇಷ್ಟ್ರೇ, ನೀನು ನೋಡು" ಎಂದು ನನಗೆ ಅಪ್ಪಣೆಯಾಯಿತು. ಆಲೆಮನೆಯಲ್ಲಿ ಹುಟ್ಟಿ ಬೆಳೆದರೂ ನಾನೆಂದೂ ಪಾಕಕ್ಕೆ ಕೈ ಹಾಕಿದವನಲ್ಲ. ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿದೆ.

"ಹೆಂಗದೆ?"

"ಮೆತ್ತಗಿದೆ, ಅಪ್ಪ. ಬೆರಳಿಗೆ ಅಂಟುತ್ತೆ."

"ಎಳೆ ಬತ್ತದ?"

"ಬರುತ್ತೆ."

"ಇನ್ನೂ ಬೇಕು. ಕೈ ತೊಳ್ಕೊ."

ಎರಡು ಬಾರಿ ಹೀಗಾಯಿತು. ಮೂರನೆಯ ಬಾರಿ ಉಂಡೆ ಗಟ್ಟಿಯಾಗಿ ನಿಂತಿತು. "ಕಲ್ಲಿಗೆ ಹೊಡಿ" ಎಂದರು. ಹೊಡೆದೆ, ಟಣ್ ಎಂದಿತು. ನಾನು ಹೇಳುವ ಮೊದಲೇ ಅವರಿಗೆ ಕೇಳಿಸಿತ್ತು. "ಇಳ್ಸ್ರಪ್ಪ" ಎಂದರು. ಮರುದಿನ ಅಚ್ಚಿನಿಂದ ಬಿದ್ದ ಬೆಲ್ಲದ ಬಣ್ಣವನ್ನು ನೋಡಿ ಆ ಹುಡುಗನೇ ಫೋನು ಮಾಡಿದ. ಬಣ್ಣಕ್ಕಾಗಿ ರಾಸಾಯನಿಕ ಸುರಿಯುವ ಇಂದಿನ ಆಲೆಮನೆಗಳವರಿಗೆ ಇದು ಅರ್ಥವಾಗುವುದು ಕಷ್ಟ.

೨೦೧೨ರಲ್ಲಿ ನನಗೂ ತಂಗಿಗೂ ಜಮೀನು ವಿಭಾಗ ಮಾಡಿಕೊಡಲು ಅಪ್ಪನೇ ಮುಂದಾದರು. ನೋಂದಣಿ ಕಚೇರಿಯಲ್ಲಿ ರುಜುವಿನ ಪ್ರಶ್ನೆ ಬಂತು. ಗಂಡಸರದು ಎಡಗೈಯ ಹೆಬ್ಬೆಟ್ಟು ಎಂಬುದು ಹಳೆಯ ರೂಢಿ. ಜೀವವಿಲ್ಲದಿದ್ದರೂ ಹೆಬ್ಬೆರಳು ಇತ್ತಲ್ಲ. ಕಾನೂನಿಗೆ ಅಷ್ಟು ಸಾಕು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. "ನಾನು ಓದ್ದೋನು ಅಂತ ಒಂದು ಮಾತು ಹೇಳ್ಬುಡು" ಎಂದರು. ಅಲ್ಲಿದ್ದ ಗುಮಾಸ್ತರಿಗೆ ಹೇಳಿದೆ. ಅವರು ಎದ್ದು ನಿಂತು "ಗೊತ್ತಾಯ್ತು ಯಜಮಾನರೇ" ಎಂದರು. ಆ ಪುಣ್ಯಾತ್ಮರನ್ನು ಇಂದಿಗೂ ನೆನೆಯುತ್ತೇನೆ. ನಾನು ಅಪ್ಪನ ಹೆಬ್ಬೆರಳನ್ನು ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದೆ. ಹೊರಗೆ ಬಂದ ಕೂಡಲೇ ಅವರು ಹೇಳಿದ ಮೊದಲ ಮಾತು "ಮಸಿ ತೊಳಿ." ಮನೆಗೆ ಹೋಗಿ ತೊಳೆಯೋಣವೆಂದರೆ ಒಪ್ಪಲಿಲ್ಲ. ರಸ್ತೆಬದಿಯ ನಲ್ಲಿಯಲ್ಲಿ, ಸೀಮೆಎಣ್ಣೆ ಕೇಳಿ ತಂದು, ಗುರುತು ಉಳಿಯದಂತೆ ತಿಕ್ಕಿದೆ.

ನಿವೃತ್ತನಾದ ಮೇಲೆ ಅರ್ಜಿ ಬರೆಸಲು ನನ್ನ ಬಳಿ ಕೆಲವು ವೃದ್ಧರು ಬರುತ್ತಾರೆ. ೨೦೦೭ರ ಕಾಯಿದೆಯಂತೆ ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗೆ ದೂರು ಕೊಡಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳು ಮಂಡ್ಯ ಉಪವಿಭಾಗಕ್ಕೇ ಸೇರಿವೆ. ಆ ಕಾಯಿದೆ ತಿಂಗಳಿಗೆ ಹತ್ತು ಸಾವಿರ ರೂಪಾಯಿವರೆಗೆ ಜೀವನಾಂಶದ ಮಿತಿ ಹಾಕಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಹಿಂಪಡೆಯುವ ಅವಕಾಶವನ್ನೂ ಕೊಟ್ಟಿದೆ. ವಿಭಾಗಪತ್ರ, ದಾನಪತ್ರ ಬರೆಯುವವರು ಆ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಳ್ಳೆಯ ಕಾಯಿದೆ. ಆದರೆ ಬಂದವರಲ್ಲಿ ಅರ್ಧದಷ್ಟು ಜನ ಅರ್ಜಿ ಬರೆಸಿ, ರುಜು ಹಾಕುವ ಹೊತ್ತಿಗೆ, "ಬ್ಯಾಡ ಬುಡಿ ಮೇಷ್ಟ್ರೇ, ಮಗನ ಹೆಸರು ಕಚೇರೀಲಿ ಕೂಗ್ತಾರೆ" ಎಂದು ಎದ್ದು ಹೋಗುತ್ತಾರೆ. ನಮ್ಮ ಅಪ್ಪ ತಮ್ಮ ಪತ್ರದಲ್ಲಿ ಷರತ್ತು ಬರೆಸಲಿಲ್ಲ. ಬರೆಸೆಂದು ನಾನೇ ಹೇಳಿದ್ದೆ, "ಕೈಗೆ ಕಾಗ್ದ ಯಾಕೆ?" ಎಂದಿದ್ದರು.

ಅವರು ತೀರಿಕೊಂಡದ್ದು ೨೦೧೫ರ ಫೆಬ್ರವರಿಯಲ್ಲಿ, ಊರಿನಲ್ಲಿಯೇ, ಆಲೆ ನಡೆಯುತ್ತಿದ್ದಾಗ. ಮಧ್ಯಾಹ್ನ ಅಂಗಳದಲ್ಲಿ ಕೂರಿಸಿ ಸ್ನಾನ ಮಾಡಿಸಬೇಕೆಂದರು. ಹಿರಿಯರೊಬ್ಬರು ಹೇಗೆ ಹಿಡಿಯಬೇಕು, ಎಲ್ಲಿಂದ ನೀರು ಹುಯ್ಯಬೇಕು ಎಂದು ಹೇಳಿಕೊಡಲು ಬಂದರು. ಚಿಕ್ಕಪ್ಪ ಅವರನ್ನು ತಡೆದು, "ಅವ್ನಿಗೆ ಗೊತ್ತು" ಎಂದರು. ಹಂಡೆಯಿಂದ ನೀರು ತೋಡಿ ಕೊಟ್ಟರು. ನಾನು ಬಕೆಟ್ಟನ್ನು ಕೆಳಗಿಟ್ಟು, ಮೊಣಕೈ ಅದ್ದಿ ನೋಡಿ, ಇನ್ನೊಂದು ಚೊಂಬು ತಣ್ಣೀರು ಬೆರೆಸಲು ಹೇಳಿದೆ.